ತಿಗರಿಗೆ ಕುಂತಾಕಿ

ಜನವರಿ 9, ಗುರುವಾರ

ಬೆಳಿಗ್ಗೆ ಮಣ್ಣು ತುಳಿದೆ. ಈ ಸಲದ ಕೆರೆಮಣ್ಣು ಬಹಳ ಜಿಗುಟು, ಬೂದಿ ಜಾಸ್ತಿ ಹಾಕಬೇಕಾಯಿತು. ಹಿಮ್ಮಡಿಗೆ ಹರಳು ಚುಚ್ಚಿತು. ಹುಡುಕಿ ತೆಗೆದೆ. ಒಂದು ಉಳಿದರೂ ಬೆಂಕಿಯಲ್ಲಿ ಗಡಿಗೆಯ ಹೊಟ್ಟೆ ಒಡೆಯುತ್ತದೆ. ತುಳಿದಾಯಿತು, ನಾದಿಯಾಯಿತು, ಮುದ್ದೆ ಕಟ್ಟಿ ಒದ್ದೆ ಗೋಣಿ ಹೊದಿಸಿದೆ.

ಯಾರಿಗೆ? ತಿಗರಿಗೆ ಕೂರುವವರು, ಚಕ್ರ ತಿರುಗಿಸಿ ಗಡಿಗೆ ಎತ್ತುವವರು, ಪಡಸಾಲೆಯಲ್ಲಿ ಗೋಡೆಗೆ ಒರಗಿ ಮೊಬೈಲ್ ನೋಡುತ್ತಿದ್ದಾರೆ.

ಮಲ್ಲೇಶ. ಬಾಯಲ್ಲಿ ‘ರೀ’ ಅನ್ನುತ್ತೇನೆ. ಇಲ್ಲಿ ಹೆಸರು ಬರೆಯುತ್ತೇನೆ. ಇಲ್ಲಿ ಕೇಳುವವರು ಯಾರು.

ದೀಪಾವಳಿ ಮುಗಿಸಿಕೊಂಡು ನಮ್ಮೂರು ಮಳಗಿಗೆ ಬರುವಾಗ ಟಂಟಂ ರಿಕ್ಷಾ ಪಲ್ಟಿ ಆಯಿತಲ್ಲ, ಅಂದಿನಿಂದ ಬಲಗೈ ಹೀಗೆ. ಮಣಿಕಟ್ಟಿನಲ್ಲಿ ಪ್ಲೇಟ್. ಊಟಕ್ಕೆ, ಅಂಗಿ ತೊಡುವುದಕ್ಕೆ ಸಾಕು. ತಿಗರಿ ಮೇಲೆ ಮಣ್ಣು ಎತ್ತುವ ಕೈ ಇನ್ನು ಇದಲ್ಲ ಅಂತ ಹುಬ್ಬಳ್ಳಿಯ ಡಾಕ್ಟರ್ ಹೇಳಿದ್ದು ನನಗೆ. ಇವರಿಗೆ ನಾನು ಹೇಳಿದೆ. ಅಂದಿನಿಂದ ನನ್ನ ಮೇಲೇ ಸಿಟ್ಟು, ನಾನೇ ಮುರಿದಂತೆ.

ಅತ್ತೆ ದಿನಾ ಬೆಳಿಗ್ಗೆ ತಿಗರಿಗೆ ವಿಭೂತಿ ಹಚ್ಚಿ ಕೈ ಮುಗಿಯುತ್ತಾರೆ. ತಿರುಗದ ತಿಗರಿ.

ಮಣ್ಣು ತರುವುದು, ಜರಡಿ ಹಿಡಿಯುವುದು, ತುಳಿಯುವುದು, ಬಡಿದು ಗುಂಡಗೆ ಮಾಡುವುದು, ಉಜ್ಜುವುದು, ಕೆಮ್ಮಣ್ಣು ಹಚ್ಚುವುದು, ಸುಡುವ ಆವಿಗೆಗೆ ಹೊರುವುದು, ಸಂತೆಯಲ್ಲಿ ಕೂತು ಮಾರುವುದು. ಇಷ್ಟೂ ಹೆಂಗಸರದ್ದು. ತಿಗರಿ ಮಾತ್ರ ಗಂಡಸರದ್ದು. ಮದುವೆಯಾದ ವರ್ಷ ಯಾಕೆ ಅಂತ ಕೇಳಿದ್ದೆ. “ಹಂಗ ಐತಿ” ಅಂದಿದ್ದರು ಅತ್ತೆ. ಅಷ್ಟೇ.

ಜನವರಿ 11

ದಾಂಡೇಲಿಯಿಂದ ಫೋನ್. ಕುಂಬಾರಿಕೆ ತರಬೇತಿಯ ರೋಹಿತ ಸರ್. ಮಲ್ಲೇಶ ಕಳೆದ ವರ್ಷವೇ ಹೆಸರು ಕೊಟ್ಟಿದ್ದರಂತೆ. ಪೂರ್ತಿ ಮಾಡಿದವರಿಗೆ ಕರೆಂಟಿನ ತಿಗರಿ ಕೊಡುತ್ತಾರೆ. ಮಲ್ಲೇಶ ಫೋನನ್ನು ನನ್ನ ಕೈಗೆ ಕೊಟ್ಟು, ಆಗುವುದಿಲ್ಲ ಅಂತ ಹೇಳು ಅಂದು ಎದ್ದು ಹೋದರು.

ಮನೆಯವರು ಬೇರೆ ಯಾರಾದರೂ ಬರಬಹುದೇ ಎಂದು ಕೇಳಿದೆ. ಬರಬಹುದು ಅಂದರು. ಹೆಂಗಸರು? ಅದೇನು ಪ್ರಶ್ನೆ, ಹೆಸರು ಹೇಳಿ ಅಂದರು. ನನ್ನ ಹೆಸರು ಕೊಟ್ಟೆ. ಸುನಂದಾ, ವಯಸ್ಸು ಮೂವತ್ತೇಳು, ಪಿಯುಸಿ.

ಸಂಜೆ ಹೇಳಿದೆ.

“ಹೋಗಿ ಏನ್ ಮಾಡ್ತಿ?”

“ಕಲೀತೇನಿ.”

“ಕಲ್ತು?”

“ಕೂಡ್ತೇನಿ.”

ರೊಟ್ಟಿ ಬಡಿದೆ. ತಿಂದರು. ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ. ಬೇಡ ಅನ್ನಲಿಲ್ಲವಲ್ಲ, ಅದೇ ನನಗೆ ಹೂಂ.

ಜನವರಿ 20, ಸೋಮವಾರ. ದಾಂಡೇಲಿ

ಮುಂಡಗೋಡದಿಂದ ಬಸ್ಸು ಬದಲಿಸಿ ಬದಲಿಸಿ ಸಾಕಾಯಿತು. ಹಳಿಯಾಳದಲ್ಲಿ ಇಳಿದು ಹಾಸ್ಟೆಲ್‌ನಲ್ಲಿರುವ ಮಗಳನ್ನು ನೋಡಿಕೊಂಡು ಬಂದೆ. ಅವ್ವನ ಮನೆ ಹಾಗೇ ಇದೆ. ಪೇಪರ್ ಮಿಲ್ಲಿನ ಭೋಂಗಾ ಕೂಗಿದ ಕೂಡಲೇ ಅವ್ವ ಇವತ್ತೂ ಚಹಾಕ್ಕೆ ನೀರಿಟ್ಟಳು. ಅಪ್ಪ ತೀರಿ ಎಷ್ಟು ವರ್ಷವಾದರೂ.

ಅಪ್ಪ ಧಾರವಾಡದ ಕಡೆ ಹಳ್ಳಿಯಲ್ಲಿ ತಿಗರಿ ಬಿಟ್ಟು ಮಿಲ್ಲಿಗೆ ಸೇರಿದವನು. ನಾನು ಹುಟ್ಟಿದ್ದು ಕುಂಬಾರರಲ್ಲೇ, ಆದರೆ ಮಣ್ಣು ಮುಟ್ಟಿದ್ದು ಮದುವೆಯಾದ ಮೇಲೆ. ಯಾಕೆ ಬಂದೆ ಅಂತ ಹೇಳಿದ್ದಕ್ಕೆ ಅವ್ವ ನಕ್ಕಳು. ಅಪ್ಪ ಬಿಟ್ಟು ಓಡಿ ಬಂದದ್ದನ್ನು ನೀನು ಹುಡುಕಿಕೊಂಡು ಹೊರಟೆಯಾ ಅಂದಳು. ಗಂಡನ ಮನೆಯವರು ಒಪ್ಪಿದ್ದಾರಾ ಅಂತ ಆಮೇಲೆ ಕೇಳಿದಳು. ಚಹಾ ಚೆನ್ನಾಗಿದೆ ಅಂದೆ.

ಜನವರಿ 22

ಕುಳಗಿ ರಸ್ತೆಯಲ್ಲಿ ತಗಡಿನ ಶೆಡ್, ಅಲ್ಲೇ ತರಬೇತಿ. ನನ್ನ ಬಿಟ್ಟರೆ ಎಲ್ಲರೂ ಗಂಡಸರು. ಜೊಯಿಡಾ ಕಡೆಯ ಇಬ್ಬರು ತಮ್ಮೊಳಗೆ ಕೊಂಕಣಿಯಲ್ಲಿ ಏನೋ ಅಂದು ನಕ್ಕರು. ನಾನೂ ಅವರನ್ನೇ ನೋಡಿ ನಕ್ಕೆ. ಬೋರ್ಡಿನ ಕಡೆ ತಿರುಗಿದರು.

ಬೋರ್ಡ್ ತುಂಬ ಹೆಸರುಗಳು. ಹೊಸಬರಿಗೆ ಮೊದಲು ಹೆಸರು ಬಾಯಿಗೆ ಬರಬೇಕು ಅನ್ನುತ್ತಾರೆ ರೋಹಿತ ಸರ್. ಧಾರವಾಡದವರು, ಆರ್ಟ್ ಕಾಲೇಜು ಓದಿದವರು, ಮಾತು ಮೆತ್ತಗೆ. ವೆಡ್ಜಿಂಗ್ ಅಂದರೆ ನಾದುವುದು, ಮಣ್ಣಿನೊಳಗಿನ ಗಾಳಿ ಹೊರಗೆ ಹೋಗುವ ಹಾಗೆ. ಸ್ಲಿಪ್ ಅಂದರೆ ಮಣ್ಣಿನ ರಾಡಿ, ಹಿಡಿಕೆ ಅಂಟಿಸುವುದಕ್ಕೆ. ಅಂಟಿಸುವ ಮೊದಲು ಎರಡೂ ಕಡೆ ಗೀರು ಹಾಕಬೇಕು, ಅದಕ್ಕೆ ಸ್ಕೋರಿಂಗ್. ಲೆದರ್ ಹಾರ್ಡ್ ಅಂದರೆ ತೊಗಲಿನ ಹದಕ್ಕೆ ಬಂದದ್ದು, ಒತ್ತಿದರೆ ಬಗ್ಗಬಾರದು, ಕೆತ್ತಿದರೆ ಕೆತ್ತಬೇಕು. ನಮ್ಮ ಮನೆಯಲ್ಲಿ ಇದಕ್ಕೆ ಹೆಸರಿಲ್ಲ. ಅತ್ತೆ ಉಗುರು ಒತ್ತಿ ನೋಡಿ “ಬಡಿಯಾಕ ಬಂತು” ಅನ್ನುತ್ತಾರೆ, ಅದೇ ಇದು. ಪೂರ್ತಿ ಒಣಗಿದರೆ ಬೋನ್ ಡ್ರೈ. ಕೆನ್ನೆಗೆ ಹಿಡಿದು ನೋಡಿ, ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಅಂದರು. ಮೊದಲ ಸಲ ಸುಟ್ಟದ್ದು ಬಿಸ್ಕ್. ಮೇಲೆ ಗಾಜಿನಂತೆ ಲೇಪ ಕೊಟ್ಟು ಮತ್ತೆ ಸುಡುವುದು ಗ್ಲೇಜ್. ನಾವು ಸುಡುವುದು ಒಂದೇ ಸಲ. ಅಲ್ಲಿಗೆ ನಮ್ಮದು ಮುಗಿಯಿತು.

ಒಂದೊಂದು ಹೆಸರಿಗೂ ಕೈ ಒಳಗೊಳಗೇ ಹೂಂ ಅನ್ನುತ್ತಿತ್ತು. ಇಷ್ಟು ವರ್ಷ ಮಾಡಿದ್ದೇ.

ಸೆಂಟರಿಂಗ್ — ಇದೊಂದಕ್ಕೆ ಕೈ ಸುಮ್ಮನಿತ್ತು. ತಿರುಗುವ ತಿಗರಿಯ ನಟ್ಟನಡುವೆ ಮಣ್ಣನ್ನು ಅಲುಗದಂತೆ ನಿಲ್ಲಿಸುವುದು. ಅದಿಲ್ಲದೆ ಮುಂದಿನದು ಯಾವುದೂ ಇಲ್ಲ.

ಜನವರಿ 24

ಮಣ್ಣು ಹಾರಿ ಗೋಡೆಗೆ ಬಡಿಯಿತು. ಜೊಯಿಡಾದವರು ಈ ಸಲ ನಗಲಿಲ್ಲ. ಅವರದ್ದೂ ಹಾರಿತ್ತು.

ಜನವರಿ 27

ನಿಂತಿತು.

ಮೊಣಕೈಗಳನ್ನು ತೊಡೆಗೆ ಒತ್ತಿ ಕೂತು, ಉಸಿರು ಹಿಡಿದು ಅಂಗೈಯಿಂದ ಒತ್ತುತ್ತಲೇ ಇದ್ದೆ. ಮುದ್ದೆ ನಡುಗುತ್ತಿತ್ತು, ನಡುಗುತ್ತಲೇ ಇತ್ತು, ಆಮೇಲೆ ನಡುಗಲಿಲ್ಲ. ತಿರುಗುತ್ತಿದೆ, ಆದರೆ ತಿರುಗುವುದು ಕಾಣುವುದಿಲ್ಲ. ಹೆಬ್ಬೆರಳು ಇಳಿಸಿದೆ, ಬಾಯಿ ತೆರೆಯಿತು. ಗೋಡೆ ಎಬ್ಬಿಸಿದೆ, ಬಂತು. ಗಿಡ್ಡ, ದಪ್ಪ, ಸೊಟ್ಟ ಮಗಿ. ದಾರದಿಂದ ಕೊಯ್ದು ಹಲಗೆಯ ಮೇಲೆ ಇಟ್ಟೆ.

ಒಡೆದು ಮತ್ತೆ ಮಣ್ಣಿಗೆ ಹಾಕಿ ಅಂದರು ರೋಹಿತ ಸರ್. ಎಲ್ಲರಿಗೂ ಹಾಗೇ ಹೇಳುತ್ತಾರೆ. ಒಡೆಯಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.

ಹೆಣ್ಣು ತಿಗರಿಗೆ ಕೂತರೆ ಎದೆಹಾಲು ಬತ್ತುತ್ತದೆ, ಗರ್ಭ ತಿರುಗುತ್ತದೆ, ಗಂಡನಿಗೆ ಕೇಡು — ಓಣಿಯಲ್ಲಿ ಏನೇನೆಲ್ಲ ಹೇಳುತ್ತಾರೆ. ನನಗೆ ಸೊಂಟ ನೋಯುತ್ತಿದೆ. ಬೇರೆ ಏನೂ ಆಗಿಲ್ಲ.

ಫೆಬ್ರವರಿ 11, ಮಂಗಳವಾರ. ಮಳಗಿ

ತರಬೇತಿ ಮುಗಿಯಿತು, ಟೆಂಪೋದಲ್ಲಿ ತಿಗರಿ ಬಂತು. ಇಡೀ ಓಣಿ ಸೇರಿತು. ನಾಗಲಿಂಗಪ್ಪ ಕಾಕಾ ಮುಂದೆ ನಿಂತು ಇಳಿಸಿದರು. ನನ್ನ ಮಾವನ ತಮ್ಮ, ಮಾವ ಹೋದ ಮೇಲೆ ಓಣಿಗೆಲ್ಲ ಹಿರಿಯರು. ಕೆಟ್ಟವರಲ್ಲ. ಮಲ್ಲೇಶನನ್ನು ನೋಡಲು ಆಸ್ಪತ್ರೆಗೆ ದಿನಾ ಬಂದವರು ಅವರೊಬ್ಬರೇ. ಕೈ ಹಗುರಾದ ಮೇಲೆ ಮಲ್ಲೇಶ ಇದರ ಮೇಲೆ ಮಾಡಲಿ, ಕರೆಂಟಿನದಲ್ಲವಾ, ತಿರುಗಿಸುವ ಶ್ರಮವಿಲ್ಲ ಅಂತ ಎಲ್ಲರಿಗೂ ಕೇಳುವಂತೆ ಹೇಳಿದರು.

ನಾನು ಒಳಗಿನಿಂದ ಮಣ್ಣಿನ ಮುದ್ದೆ ತಂದೆ. ತಿಗರಿಯನ್ನು ಹಿತ್ತಲಲ್ಲಿ ಇಡಬಹುದಿತ್ತು. ಬಾಗಿಲು ಹಾಕಿಕೊಳ್ಳಬಹುದಿತ್ತು. ಮುಂದಿನ ಕಟ್ಟೆಯ ಮೇಲೇ ಪ್ಲಗ್ ಹಾಕಿ ಸೆರಗು ಸೊಂಟಕ್ಕೆ ಸಿಗಿಸಿ ಕೂತೆ.

ಮೋಟಾರು ಹಾಕಿದೆ. ಸುಳ್ಳು ಯಾಕೆ ಬರೆಯಲಿ, ಮೊದಲನೆಯದು ಕುಸಿಯಿತು. ಎರಡನೆಯದು ಬಂತು. ತಲೆ ಎತ್ತಿದಾಗ ಗಂಡಸರು ಹೋಗಿದ್ದರು. ಅತ್ತೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಿದ್ದರು. ದುರ್ಗವ್ವ ಕಾಕು ಮಾತ್ರ ನಿಂತಿದ್ದರು — ಕಾಕಾನ ಹೆಂಡತಿ. ಸೊಂಟ ಹಿಡಿಯುವುದಿಲ್ಲವಾ ಅಂತ ಮೆಲ್ಲಗೆ ಕೇಳಿದರು. ಹಿಡಿಯುತ್ತದೆ ಅಂದೆ. ಇನ್ನೊಂದಷ್ಟು ಹೊತ್ತು ನೋಡಿ ಹೋದರು.

ಮಲ್ಲೇಶ ಇಡೀ ದಿನ ಮನೆಯಲ್ಲಿರಲಿಲ್ಲ.

ಫೆಬ್ರವರಿ 19

ಒಣಗಿದ ಗಡಿಗೆಗಳನ್ನು ಆವಿಗೆಗೆ ಒಯ್ದೆ. ಓಣಿಗೆಲ್ಲ ಒಂದೇ ಆವಿಗೆ. ಎಲ್ಲರ ಮಾಲೂ ಒಟ್ಟಿಗೆ ಜೋಡಿಸಿ ಸುಡುವುದು. ಕಾಕಾ ಅಡ್ಡ ನಿಂತರು.

“ಹೆಣ್ಮಗಳು ತಿಗರಿಗೆ ಕುಂತು ಮಾಡಿದ್ದು ಈ ಆವಿಗ್ಯಾಗ ಇಡೂದಿಲ್ಲ.”

ತಲೆ ಮೇಲೆ ಬುಟ್ಟಿ ಇತ್ತು. ಇಳಿಸದೆ ಹೇಳಿದೆ. “ಕಾಕಾ, ಮಣ್ಣು ನಾ ತುಳದೇನಿ, ಕಟಗಿ ನಾ ಹೊತ್ತೇನಿ, ಈ ಆವಿಗಿ ಗ್ವಾಡಿ ಸಾರಿಸಿದಾಕಿನೂ ನಾನ. ಆವಾಗ ಇದು ಮೈಲಿಗಿ ಆಗಲಿಲ್ಲ.”

ಅದು ಬೇರೆ ಅಂದರು. ಹೇಗೆ ಬೇರೆ ಅಂದೆ. ಹಿರಿಯರ ಮುಂದೆ ವಾದ ಮಾಡಬೇಡ ಅಂದರು.

ಬುಟ್ಟಿ ಹೊತ್ತುಕೊಂಡೇ ತಿರುಗಿ ಬಂದೆ. ದಾರಿಯಲ್ಲಿ ಒಂದೂ ಬೀಳಲಿಲ್ಲ.

ಫೆಬ್ರವರಿ 28

ಶಿವರಾತ್ರಿ ಮುಗಿಸಿ ಓಣಿಯ ಆವಿಗೆ ಬಿಚ್ಚಿದರು. ಅರ್ಧಕ್ಕರ್ಧ ಮಾಲು ಸೀಳಿದೆ. ಬೇಸಿಗೆಯ ನೀರಿನ ಹರವಿಗಳು, ಕಾಕಾನವೇ ಹೆಚ್ಚು. ನನ್ನದೊಂದೂ ಅದರಲ್ಲಿ ಇರಲಿಲ್ಲ. ಆದರೂ ನನ್ನದೇ ತಪ್ಪು. ಓಣಿಯಲ್ಲಿ ಹೆಣ್ಣು ತಿಗರಿಗೆ ಕೂತಳು, ಬೆಂಕಿ ಮುನಿಸಿಕೊಂಡಿತು.

ಅತ್ತೆ ಮಧ್ಯಾಹ್ನ ಉಣ್ಣಲಿಲ್ಲ. ನಾನು ಉಂಡೆ. ಕಷ್ಟಪಟ್ಟು ಉಂಡೆ. ಉಣ್ಣದಿದ್ದರೆ ತಪ್ಪು ಒಪ್ಪಿಕೊಂಡ ಹಾಗೆ ಕಾಣುತ್ತದೆ.

ಮಾರ್ಚ್ 2, ಭಾನುವಾರ

ಬಸವಣ್ಣನ ಗುಡಿಯ ಕಟ್ಟೆಗೆ ಓಣಿಯವರನ್ನೆಲ್ಲ ಕೂಡಿಸಿದರು. ಗಂಡಸರು ಮೇಲೆ, ನಾವು ಕೆಳಗೆ. ಹೇಳಿದ್ದು ಇಷ್ಟು. ಕರೆಂಟಿನ ತಿಗರಿ ಮಲ್ಲೇಶನಿಗೆ ಬಿಡಬೇಕು. ಕಾಯಿ ಒಡೆಸಿ, ತಪ್ಪಾಯಿತು ಅಂತ ಎಲ್ಲರ ಮುಂದೆ ನಾನು ಹೇಳಬೇಕು. ಇಲ್ಲವಾದರೆ ಈ ಮನೆಗೆ ಕೆರೆಯ ಮಣ್ಣಿಲ್ಲ, ಆವಿಗೆ ಇಲ್ಲ, ಓಣಿಯ ಒಳ್ಳೇದು ಕೆಟ್ಟದ್ದಕ್ಕೆ ಕರೆ ಇಲ್ಲ.

ಕಾಕಾನ ದನಿ ಗಟ್ಟಿ ಇರಲಿಲ್ಲ. “ತಪ್ಪಾತು ಅಂತ ಒಂದ್ ಮಾತು ಅನ್ನವಾ. ಮುಗಿದು ಹೋಗತೈತಿ.”

ಮಲ್ಲೇಶ ನನ್ನ ಕಡೆ ನೋಡಿದರು. ಅಂದುಬಿಡು ಅನ್ನುವ ನೋಟ.

“ಗಡಿಗಿ ಯಾಕ ಸೀಳಿದ್ವೋ ನನಗೂ ಗೊತ್ತಿಲ್ಲ,” ಅಂದೆ. “ನಾ ಕುಂತಿದ್ದಕ್ಕ ಅಲ್ಲ. ತಪ್ಪು ಮಾಡಿಲ್ಲ, ಅನ್ನೂದಿಲ್ಲ.”

ಎದ್ದು ಬಂದೆ. ಹಿಂದೆ ಯಾರೋ ಬೈದರು. ಕೇಳಿಸಿತು, ತಿರುಗಲಿಲ್ಲ. ಮನೆ ಮುಟ್ಟಿ ಬಾಗಿಲ ಮರೆಗೆ ಹೋಗುವವರೆಗೆ ಅಳಲಿಲ್ಲ. ಆಮೇಲೆ ಅತ್ತುಬಿಟ್ಟೆ. ಸಾಕಷ್ಟು.

ಮಾರ್ಚ್ 10

ಕೆರೆಯ ಮಣ್ಣು ಇಲ್ಲ ಅಂದರೆ ಬೇರೆ ಕಡೆಯೂ ಇಲ್ಲವೇನು? ಮಹಾಂತಪ್ಪನವರ ಗದ್ದೆಯ ಅಂಚಿನಲ್ಲಿ ಜೇಡಿಯಿದೆ. ಗದ್ದೆ ತಗ್ಗಿಸಬೇಕಾಗಿದೆ ಅವರಿಗೆ, ಎತ್ತಿಕೊಂಡು ಹೋಗವಾ, ನನಗೇ ಒಳ್ಳೇದು ಅಂದರು. ಕೆರೆಯದಷ್ಟು ಜಿಗುಟಿಲ್ಲ. ಬೂದಿ ಹಾಕದೆ ನಾದಿದೆ, ಬಂತು.

ಹಿತ್ತಲಲ್ಲಿ ಆವಿಗೆ ಕಟ್ಟುತ್ತಿದ್ದೇನೆ. ಕೆಳಗೆ ಬೆಂಕಿಗೆ ಬಾಯಿ, ಮೇಲೆ ಗುಂಡಗೆ ಗೋಡೆ. ಇಟ್ಟಿಗೆ ಹಳೆಯ ಕೊಟ್ಟಿಗೆಯದು. ಮಧ್ಯಾಹ್ನ ನೆರಳು ಬಿತ್ತು. ತಿರುಗಿದರೆ ಮಲ್ಲೇಶ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಬಾಯಿಯ ಹತ್ತಿರ ಗೋಡೆ ತೆಳುವಾಯಿತು, ಮೊದಲು ಅದೇ ಒಡೆಯುವುದು ಅಂದರು. ಹಾಗಾದರೆ ತೋರಿಸಿ ಅಂದೆ. ಎಡಗೈಯಿಂದ ಇಟ್ಟಿಗೆ ಎತ್ತಿ ಕೊಟ್ಟರು. ಸಂಜೆಯವರೆಗೂ ಕೊಟ್ಟರು. ನಾಲ್ಕು ತಿಂಗಳಲ್ಲಿ ಇಷ್ಟು ಮಾತಾಡಿರಲಿಲ್ಲ ನಾವು. ಎಲ್ಲ ಇಟ್ಟಿಗೆಯದ್ದೇ ಮಾತು, ಆದರೂ ಮಾತು.

ಮಾರ್ಚ್ 22

ಮೊದಲ ಸಲ ಸುಟ್ಟೆವು. ಇವತ್ತು ಬಿಚ್ಚಿದೆವು. ಮುಕ್ಕಾಲು ಪಾಲು ಒಡೆದು ಬೋಕಿ.

ಬೆಂಕಿ ಅವಸರವಾಯಿತು. ಹೊಗೆಯಲ್ಲಿ ನಿಧಾನ ಕಾಯಿಸಬೇಕಿತ್ತು. ಮಲ್ಲೇಶ ಹೇಳಿದ್ದರು, ನಾನೇ ಕಟ್ಟಿಗೆ ತುಂಬಿದೆ. ಉಳಿದವು ಕೆಲವು ಮಗಿ, ಒಂದು ಗಡಿಗೆ. ಗಡಿಗೆಯನ್ನು ಬೆರಳಿನಿಂದ ತಟ್ಟಿದೆ. ಖಣ್ ಅಂದಿತು.

ಗೋಡೆಯಾಚೆ ಯಾರೋ ನಕ್ಕರು. ಬೋಕಿಗಳನ್ನು ಬುಟ್ಟಿ ತುಂಬಿ ಮುಂದಿನ ಬಾಗಿಲಿನಿಂದಲೇ, ಓಣಿಯ ನಡುವೆಯೇ ಹೊತ್ತುಕೊಂಡು ಹೋಗಿ ತಿಪ್ಪೆಗೆ ಚೆಲ್ಲಿದೆ. ನೋಡುವವರು ನೋಡಲಿ.

ಮಾರ್ಚ್ 24, ಸೋಮವಾರ

ಕಾಕಾ ಮನೆಗೆ ಬಂದರು. ಚಹಾ ಕುಡಿದರು. ಬೈಯಲಿಲ್ಲ. ಬೈದಿದ್ದರೆ ಸಲೀಸಿತ್ತು.

ಅವರು ಹೇಳಿದ್ದು ಹೀಗೆ. ಮಾಡುವವಳು ನೀನೇ ಮಾಡು, ಹಿತ್ತಲಲ್ಲಿ, ಬಾಗಿಲು ಹಾಕಿಕೊಂಡು. ಆವಿಗೆಯೂ ಸಿಗುತ್ತದೆ, ಕೆರೆಯ ಮಣ್ಣೂ ಸಿಗುತ್ತದೆ.

“ಮಲ್ಲೇಶನ ಕೈ ಸುಧಾರಿಸೇತಿ, ಅಂವನ ಮಾಡ್ಯಾನ ಅಂತ ಹೇಳ್ರಿ ಸಾಕು. ಯಾರೂ ಬಂದು ನೋಡೂದಿಲ್ಲ.”

ಅತ್ತೆ ಕಣ್ಣೊರೆಸಿಕೊಂಡರು. ನೆಮ್ಮದಿಯ ಕಣ್ಣೀರು. ಮಲ್ಲೇಶ ತಲೆ ಬಗ್ಗಿಸಿ ಕೂತಿದ್ದವರು ತಲೆ ಎತ್ತಿದರು. ಅವರ ಮುಖ ನೋಡಿದೆ, ಅದೇ ತಪ್ಪಾಯಿತು. ಟಂಟಂ ಪಲ್ಟಿ ಆದ ಮೇಲೆ ಆ ಮುಖದಲ್ಲಿ ಅಂಥ ಬೆಳಕು ನೋಡಿರಲಿಲ್ಲ. ಕೈ ಸುಧಾರಿಸಿದೆ. ಅಂವನೇ ಮಾಡಿದ್ದಾನೆ. ಆ ಎರಡು ಮಾತು ಕೇಳಿ.

ನೋಡೋಣ ಕಾಕಾ ಅಂದರು ಮಲ್ಲೇಶ. ನಾನು ಇಲ್ಲ ಅಂದೆ.

ಮಾರ್ಚ್ 25

ಬೆಳಿಗ್ಗೆಯೇ ಜಗಳ. ಹೆಸರಿನಿಂದ ನಿನಗೇನು, ಗಡಿಗೆ ಮಾರಿದರೆ ಸಾಲದಾ ಅಂದರು. ಹೆಸರಿನಿಂದ ಏನೂ ಇಲ್ಲ ಅಂದರೆ ನಿಮಗೆ ಯಾಕೆ ಬೇಕು ಅಂದೆ.

ಅನ್ನಬಾರದಿತ್ತು. ಇಲ್ಲ — ಅನ್ನಬೇಕಿತ್ತು. ಎರಡೂ.

ಬಲಗೈಯನ್ನು ನನ್ನ ಮುಂದೆ ಹಿಡಿದು, “ಇದು ಹೋತು. ಇನ್ನ ನನ್ನ ಕಡೆ ಏನ್ ಐತಿ ಹೇಳು” ಅಂದರು.

ಆ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಹಿಡಿದುಕೊಂಡರೆ ಒಪ್ಪಿಕೊಂಡುಬಿಡುತ್ತೇನೆ ಅಂತ ಭಯ. ನನ್ನ ಕೈ ಮಣ್ಣಾಗಿತ್ತು. ಹಾಗೇ ಇಟ್ಟುಕೊಂಡೆ.

ಕಟ್ಟೆಯ ಮೇಲೆ ಕೂತು ಸಂಜೆಯವರೆಗೆ ಮಾಡಿದೆ. ಬಾಗಿಲು ತೆರೆದೇ.

ಮಾರ್ಚ್ 30. ಯುಗಾದಿ

ಬೇವು ಬೆಲ್ಲ ತಿಂದೆವು. ಮೂವರೂ, ಮೂರು ಮೂಲೆಯಲ್ಲಿ ಕೂತು.

ಏಪ್ರಿಲ್ 9

ಗಡಿಗೆಗಳು ಒಣಗಿವೆ. ಒಂದೊಂದನ್ನೂ ಕೆನ್ನೆಗೆ ಹಿಡಿದು ನೋಡಿದೆ. ಎರಡು ತಣ್ಣಗಿದ್ದವು, ಬೇರೆ ಇಟ್ಟೆ. ಈ ಸಲ ಹರವಿಗಳೂ ಇವೆ. ಬಡಿಯುವುದಕ್ಕೆ ಅತ್ತೆ ಬರಲಿಲ್ಲ, ನಾನೇ ಬಡಿದೆ. ಒಂದರ ಹೊಟ್ಟೆ ಸೊಟ್ಟ.

ಮಲ್ಲೇಶ ಹಿತ್ತಲಿಗೆ ಬರುತ್ತಿಲ್ಲ. ಬೆಂಕಿಯ ಬಣ್ಣ ನೋಡಿ ಹೇಳುವವರು ಅವರು. ಕೇಳಲಿಲ್ಲ ನಾನು. ನೆನಪಿಟ್ಟುಕೊಂಡಿದ್ದೇನೆ — ಮೊದಲು ಹೊಗೆ, ಆಮೇಲೆ ಕಪ್ಪು, ಆಮೇಲೆ ಕೆಂಪು, ಕೊನೆಗೆ ಹುಣಸೆಹೂವಿನ ಬಣ್ಣ.

ಏಪ್ರಿಲ್ 12, ಶನಿವಾರ

ಬೆಳಿಗ್ಗೆ ಬೆಂಕಿ ಹಾಕಿದೆ. ಒಬ್ಬಳೇ. ಹೊಗೆ, ಬರೀ ಹೊಗೆ, ಅವಸರ ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೆಂಪು ಹಿಡಿಯಿತು. ಆಗ ಪಶ್ಚಿಮದಲ್ಲಿ ಮೋಡ ಕಪ್ಪಾಯಿತು. ಏಪ್ರಿಲ್ ಅಂದ ಮೇಲೆ ಒಂದು ಅಡ್ಡಮಳೆ ಇದ್ದದ್ದೇ, ಆದರೆ ಇವತ್ತೇ.

ಕೆಂಪಗೆ ಕಾದ ಆವಿಗೆಗೆ ತಣ್ಣೀರು ಬಿದ್ದರೆ ಒಂದೂ ಉಳಿಯುವುದಿಲ್ಲ. ಕೊಟ್ಟಿಗೆಯ ತಗಡು ಕಿತ್ತೆ. ಒಂದೇ ತಗಡು. ಗಾಳಿಗೆ ಕೈಯಲ್ಲಿ ನಿಲ್ಲುವುದಿಲ್ಲ. ಮೇಲೆ ಹಿಡಿದು ನಿಂತೆ, ಮುಖಕ್ಕೆ ಝಳ, ಬೆನ್ನಿಗೆ ಮಳೆ. ಇನ್ನೊಂದು ಬದಿ ಬಯಲು. ಹನಿ ಬಿದ್ದಲ್ಲೆಲ್ಲ ಚುಯ್ ಅನ್ನುತ್ತಿತ್ತು.

ಹಿತ್ತಲ ಬೇಲಿ ಸರಿಸಿಕೊಂಡು ದುರ್ಗವ್ವ ಕಾಕು ಬಂದರು. ತಲೆಯ ಮೇಲೆ ತಗಡು. ಅವರ ಹಿಂದೆ ಮತ್ತಿಬ್ಬರು ಹೆಂಗಸರು, ಓಣಿಯ ಆ ತುದಿಯವರು. ಯಾರೂ ಕರೆದಿರಲಿಲ್ಲ. ಕಾಕು ಬಯಲಾಗಿದ್ದ ಬದಿಗೆ ತಗಡು ಹಿಡಿದು ನಿಂತರು. ಕಾಕಾನಿಗೆ ಗೊತ್ತಾದರೆ ಅಂದೆ. “ಗೊತ್ತಾಗ್ಲಿ. ನೀ ಬೆಂಕಿ ನೋಡು” ಅಂದರು.

ಬೆಂಕಿ ನೋಡಿದೆ. ಬಾಯಿಯಲ್ಲಿ ಕಟ್ಟಿಗೆ ಸಾಕೋ ಬೇಕೋ ತಿಳಿಯಲಿಲ್ಲ. ಮಳೆಯ ಮಬ್ಬಿಗೆ ಬಣ್ಣವೇ ಕಾಣುತ್ತಿಲ್ಲ. ಆಗ ಪಕ್ಕದಲ್ಲಿ ಕೂತದ್ದು ಮಲ್ಲೇಶ. ಒದ್ದೆಯಾಗಿ, ಎಡಗೈಯಲ್ಲಿ ಕಟ್ಟಿಗೆ. ಬಗ್ಗಿ ಬಾಯೊಳಗೆ ನೋಡಿ, ಇನ್ನೆರಡು ಹಾಕು ಅಂದರು. ಹಾಕಿದೆ. ಸ್ವಲ್ಪ ಹೊತ್ತು ಬಿಟ್ಟು, ಸಾಕು, ಬಾಯಿ ಮುಚ್ಚು ಅಂದರು. ಹಸಿಮಣ್ಣಿನಿಂದ ಮೆತ್ತಿ ಮುಚ್ಚಿದೆವು, ಅವರ ಎಡಗೈ, ನನ್ನ ಎರಡು ಕೈ.

ಮಳೆ ನಿಂತ ಮೇಲೆ ಹೆಂಗಸರು ಚಹಾ ಕೂಡ ಕುಡಿಯದೆ ಹೋದರು. ಕಾಕುವಿನ ಅಂಗೈ ಸುಟ್ಟಿತ್ತು. ಮುಚ್ಚಿಕೊಂಡು ಹೋದರು.

ಏಪ್ರಿಲ್ 14

ಬಿಚ್ಚಿದೆವು. ಮೇಲಿನ ಸಾಲಿನಲ್ಲಿ ಕೆಲವು ಹೋಗಿವೆ. ಕೆಳಗಿನವು ಎಲ್ಲ ಇವೆ. ಎಲ್ಲ. ಕೆಂಪು, ಒಂದೆರಡರ ಬದಿಗೆ ಹೊಗೆಯ ಕಪ್ಪು. ಸೊಟ್ಟ ಹೊಟ್ಟೆಯ ಹರವಿಯೂ ಬದುಕಿದೆ.

ಒಂದೊಂದನ್ನೇ ತಟ್ಟುತ್ತಾ ಹೋದೆ. ಮಲ್ಲೇಶ ಪಕ್ಕದಲ್ಲಿ ಕೂತು ಕೇಳುತ್ತಿದ್ದರು, ಕಣ್ಣು ಮುಚ್ಚಿ. ಒಂದಕ್ಕೆ ಮಾತ್ರ ಬೇಡ ಅಂತ ತಲೆ ಆಡಿಸಿದರು. ಅದನ್ನು ಬೇರೆ ಇಟ್ಟೆ.

ಕಾಕಾನ ಮನೆಯಲ್ಲಿ ನಿನ್ನೆ ಗಲಾಟೆಯಂತೆ. ಕಾಕು ಇವತ್ತು ನೀರಿಗೆ ಬಂದಾಗ ಕೈಗೆ ಬಟ್ಟೆ ಸುತ್ತಿತ್ತು, ತುಟಿ ಗಟ್ಟಿ ಮುಚ್ಚಿತ್ತು. ನನ್ನ ನೋಡಿ ಹುಬ್ಬು ಹಾರಿಸಿದರು, ಏನಾಯಿತು ಅಂತ. ಉಳಿದವು ಅಂದೆ. ಅಷ್ಟಕ್ಕೇ ಕೊಡ ಎತ್ತಿಕೊಂಡು ಹೋದರು. ಬೆನ್ನು ನೆಟ್ಟಗಿತ್ತು.

ಏಪ್ರಿಲ್ 21, ಸೋಮವಾರ

ಮುಂಡಗೋಡದ ಸಂತೆ. ಮಲ್ಲೇಶ ತಾನೂ ಬರುತ್ತೇನೆ ಅಂದರು. ಯಾಕೆ ಅಂತ ಕೇಳಲಿಲ್ಲ. ಮನಸ್ಸಿನಲ್ಲಿ ಹುಳ. ಕಾಕಾ ಹೇಳಿದ ಆ ಎರಡು ಮಾತು ಇವರು ಸಂತೆಯಲ್ಲಿ ಹೇಳಿಬಿಟ್ಟರೆ? ಹೇಳಿದರೆ ನಾನು ಏನು ಮಾಡಬೇಕು? ಬಸ್ಸಿನಲ್ಲಿ ಇಡೀ ದಾರಿ ಅದನ್ನೇ ಯೋಚಿಸಿದೆ. ಎದ್ದು ಸುಳ್ಳು ಅನ್ನುತ್ತೇನೆ ಅಂತ ಗಟ್ಟಿ ಮಾಡಿಕೊಂಡೆ. ಗಂಡನಾದರೂ ಸರಿ.

ಪ್ರತಿ ವರ್ಷದ ಜಾಗದಲ್ಲೇ ಕೂತೆವು. ಕಾಕಾನ ಅಂಗಡಿ ಪಕ್ಕದಲ್ಲೇ. ಬಿಸಿಲು ಜೋರು, ನೀರಿನ ಗಡಿಗೆಗೆ ಜನ ಬಂದರು. ಹಳೆಯ ಗಿರಾಕಿ ಒಬ್ಬರು, ಇಲ್ಲೇ ಇಂದೂರ ಹಳ್ಳಿಯ ಅಜ್ಜ, ಹರವಿ ತಟ್ಟಿ ನೋಡಿದರು. ಮಲ್ಲೇಶನ ಕಡೆ ತಿರುಗಿ, ಕೈ ಮುರಿದಿದೆ ಅಂತ ಕೇಳಿದ್ದೆನಲ್ಲ, ಸುಧಾರಿಸಿತಲ್ಲ, ಒಳ್ಳೇದಾಯಿತು ಅಂದರು. ಹರವಿಯಲ್ಲಿ ನಿನ್ನ ಕೈ ಮೊದಲಿನಂತೆಯೇ ಕಾಣುತ್ತದೆ ಅಂತಲೂ ಅಂದರು.

ಕಾಕಾ ತೂಕದ ಕಲ್ಲಿನಂತೆ ಕೂತಿದ್ದರು. ಕೇಳುತ್ತಿದ್ದರು.

ಮಲ್ಲೇಶ ಬಲಗೈಯನ್ನು ತೊಡೆಯ ಮೇಲಿಂದ ಎತ್ತಿ ಅಜ್ಜನಿಗೆ ತೋರಿಸಿದರು. ಬೆರಳು ಪೂರ್ತಿ ಮಡಚಲಿಲ್ಲ.

“ಸುಧಾರಿಸಿಲ್ರಿ. ಇನ್ನ ಸುಧಾರಿಸೂದಿಲ್ಲ. ಇವು ನಮ್ಮಾಕಿ ಮಾಡಿದ್ದು.”

ಅಜ್ಜ ನನ್ನನ್ನೂ ಹರವಿಯನ್ನೂ ನೋಡಿದರು. ಮತ್ತೊಮ್ಮೆ ತಟ್ಟಿದರು. ತಗೊಂಡರು. ಸೊಟ್ಟ ಹೊಟ್ಟೆಯದೇ. ಒಲೆಯ ಪಕ್ಕದ ಮೂಲೆಗೆ ಸರಿಯಾಗಿ ಕೂರುತ್ತದೆ ಅಂದರು.

ಒಬ್ಬ ಹೆಂಗಸು ಮಾತ್ರ ಆಯ್ದುಕೊಂಡ ಗಡಿಗೆಯನ್ನು ವಾಪಸ್ ಇಟ್ಟು ಕಾಕಾನ ಹತ್ತಿರ ಹೋದಳು. ಹೋಗಲಿ.

ಬಸ್ಸಿನಲ್ಲಿ ಮಲ್ಲೇಶ ಕಿಟಕಿಯ ಕಡೆ ಮುಖ ಮಾಡಿ ಕೂತರು. ಆ ಕೈಯನ್ನು ಹಿಡಿದುಕೊಂಡೆ. ಈಗ ಭಯವಿರಲಿಲ್ಲ. ಎಲ್ಲರೂ ನೋಡುತ್ತಾರೆ ಅಂದರು. ನೋಡಲಿ ಅಂದೆ.

ಮೇ 6

ಕೆರೆಯ ಮಣ್ಣು ಇನ್ನೂ ಇಲ್ಲ. ಓಣಿಯ ಆವಿಗೆಯೂ ಇಲ್ಲ. ಓಣಿಯ ಮದುವೆಗೆ ನಮಗೆ ಕರೆ ಬರಲಿಲ್ಲ. ಅತ್ತೆ ಸೀರೆ ತೆಗೆದಿಟ್ಟು ಕಾದರು, ಮತ್ತೆ ಮಡಚಿ ಪೆಟ್ಟಿಗೆಯಲ್ಲಿಟ್ಟರು. ನನ್ನಿಂದ ಆದದ್ದು. ಆದರೂ ತಪ್ಪಾಯಿತು ಅನ್ನಲು ಬಾಯಿ ಬರುವುದಿಲ್ಲ. ಬರುವುದೂ ಬೇಡ.

ಸಂಜೆ ಅತ್ತೆ ತಾವಾಗಿ ಬಂದು ಮಣ್ಣಿನ ಹರಳು ಆರಿಸುತ್ತಾ ಕೂತರು.

ಮೇ 15, ಗುರುವಾರ. ಮಧ್ಯಾಹ್ನ

ಕೈ ತೊಳೆದು ಒಳಗೆ ಬಂದಿದ್ದೇನೆ, ಬೇಗ ಬರೆಯಬೇಕು.

ದುರ್ಗವ್ವ ಕಾಕು ಬಂದರು. ಹಿತ್ತಲಿನಿಂದಲ್ಲ. ಓಣಿಯ ನಡುವಿನಿಂದ, ಹಗಲು ಹೊತ್ತಿನಲ್ಲಿ, ಮುಂದಿನ ಬಾಗಿಲಿಗೆ. ಅಂಗೈಯ ಗಾಯ ಮಾಯ್ದಿದೆ. ತೋರಿಸಿದರು. ಆಮೇಲೆ, ಆ ಮಣ್ಣು ಹೇಗೆ ನಡುವೆ ನಿಲ್ಲುತ್ತದೆ, ನನಗೂ ತೋರಿಸು ಅಂದರು. ಮದುವೆಯಾದಾಗಿನಿಂದ ನೋಡಿದ್ದೇನೆ, ಒಂದು ಸಲವೂ ಮುಟ್ಟಿಲ್ಲ ಅಂದರು.

ಬಿಸಿಲಿಗೆ ತಿಗರಿ ಈಗ ಪಡಸಾಲೆಯೊಳಗಿದೆ, ಬಾಗಿಲು ತೆರೆದೇ, ಅಲ್ಲೇ ಕೂರಿಸಿದೆ. ಮೊಣಕೈ ತೊಡೆಗೆ ಒತ್ತಿ ಅಂದೆ. ನೀರು ಹಚ್ಚಿಕೊಳ್ಳಿ, ಹೆದರಬೇಡಿ, ಮಣ್ಣು ನಿಮ್ಮನ್ನು ದೂಡುತ್ತದೆ, ನೀವು ಅಲುಗಬೇಡಿ. ಮುದ್ದೆ ಅತ್ತ ಇತ್ತ ಓಲಾಡಿತು. ಕಾಕು ಹಲ್ಲು ಕಚ್ಚಿ ಹಿಡಿದಿದ್ದಾರೆ.

ಕಾಕಾ ಬಂದು ಬಾಗಿಲಲ್ಲಿ ನಿಂತಿದ್ದಾರೆ. ಎದ್ದು ಬಾ ಅಂತ ಒಂದೇ ಸಲ ಹೇಳಿದರು. ಕಾಕು ಎದ್ದಿಲ್ಲ. ತಲೆಯನ್ನೂ ಎತ್ತಿಲ್ಲ. ಕಾಕಾ ಒಳಗೆ ಕಾಲಿಡಲು ನೋಡಿದರು. ಆಗ ಅತ್ತೆ, ನಮ್ಮ ಅತ್ತೆ, ಗೋದುಬಾಯಿ, ಹರಳು ಆರಿಸುತ್ತಿದ್ದವರು ಎದ್ದು ಹೊಸ್ತಿಲಿಗೆ ಅಡ್ಡ ನಿಂತರು.

“ಒಳಗ ಬರಬ್ಯಾಡ ನಾಗಲಿಂಗ. ಹೆಣ್ಮಕ್ಕಳು ಕೆಲಸ ಮಾಡಾಕತ್ತಾರ.”

ಮೈದುನನಿಗೆ ಅತ್ತೆ ಎದುರು ಮಾತಾಡಿದ್ದು ನಾನು ಕೇಳಿದ್ದು ಇದೇ ಮೊದಲು. ಕಾಕಾ ಹೊರಗೇ ಇದ್ದಾರೆ. ಹೋಗುತ್ತಲೂ ಇಲ್ಲ. ಮಲ್ಲೇಶ ಅವರಿಗೆ ಕೂರಲು ಮಣೆ ಕೊಟ್ಟಿದ್ದಾರೆ, ಕೂತಿಲ್ಲ. ಮೋಟಾರಿನ ಸದ್ದು ಕೇಳುತ್ತಲೇ ಇದೆ, ಕಾಕು ನಿಲ್ಲಿಸಿಲ್ಲ — ಈಗ ಕೂಗುತ್ತಿದ್ದಾರೆ, ನಡುಗುವುದು ನಿಂತಿತು, ನಿಂತಿತು, ಮುಂದೆ ಏನು ಮಾಡಲಿ ಅಂತ… ಬಂದೆ ಕಾಕು, ಹೆಬ್ಬೆರಳು ಈಗಲೇ ಇಳಿಸಬೇಡಿ—